ಅಪ್ಪ ಅಂಗೈ ಇಟ್ಟ ಗೋಡೆ

ದೇವನಹಳ್ಳಿ ಕೋಟೆ ಮೊದಲು ಮಣ್ಣಿನದಂತೆ, ಕಲ್ಲು ಬಂದದ್ದು ಆಮೇಲೆ. ನೋಡೋಕೆ ಬರೋರು ಬುರುಜು ಹತ್ತಿ, ಕೋವಿ ಕಿಂಡಿಯಲ್ಲಿ ಮುಖ ತೂರಿಸಿ ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಮೇಲಿನ ಇಟ್ಟಿಗೆಯನ್ನ ಇಷ್ಟು ಮಳೆಗಾಲ ಹಿಡಿದು ನಿಲ್ಲಿಸಿರೋದು ಸುಣ್ಣದ ಗಾರೆ ಅನ್ನೋದು ಯಾರಿಗೆ ಬೇಕು ಹೇಳಿ! ನಮ್ಮಪ್ಪ ಗಾರೆ ಕೆಲಸದವನು. ಸುಣ್ಣವನ್ನ ವಾರಗಟ್ಟಲೆ ನೆನೆಹಾಕಿ, ಮರಳು ಸೇರಿಸಿ ಅರೆದು, ಅಳಲೆಕಾಯಿ ಬೆಲ್ಲದ ನೀರಲ್ಲಿ ಕಲಸೋನು. ಕಣ್ಣು ಪೂರ್ತಿ ಹೋದ ಮೇಲೂ ಗೋಡೆಗೆ ಅಂಗೈ ಇಟ್ಟು ಅದರ ಗುಣ ಹೇಳ್ತಿದ್ದ.

ಕೋಟೆಯೊಳಗೆ ಒಂದು ಹಳೇ ತೊಟ್ಟಿಮನೆ. ಅದರ ಗೋಡೆ ಉದುರ್ತಿತ್ತು. ಆ ಕೆಲಸ ನನಗೇ ಸಿಗಬೇಕು ಅಂತ ಹಟ ನನಗೆ. ಮನೆ ಯಜಮಾನರು ಖಡಾಖಂಡಿತವಾಗಿ ಹೇಳಿದ್ರು: "ಮೊದಲು ನಿಮ್ಮನೆ ಗೋಡೆಗೆ ಸುಣ್ಣದ ಗಾರೆ ಮಾಡಿ ತೋರ್ಸು. ನಿಮ್ಮಪ್ಪ ಹೂಂ ಅಂದ್ರೆ ಕೆಲಸ ನಿಂದೇ."

ನಮ್ಮದೂ ಕೋಟೆಯೊಳಗೇ, ಅಜ್ಜ ಕಟ್ಟಿದ ಮಣ್ಣಿನ ಮನೆ. ಅಪ್ಪ ಒಂದು ತಿಂಗಳು ಅಕ್ಕನ ಮನೇಲಿದ್ದ. ಸುಣ್ಣ ನೆನೆಯೋವರೆಗೆ ಕಾಯೋ ತಾಳ್ಮೆ ಎಲ್ಲಿತ್ತು ನನಗೆ? ಎರಡೇ ದಿನದಲ್ಲಿ ಸಿಮೆಂಟ್ ಬಳಿದು, ಮೇಲೆ ಸುಣ್ಣ ಹೊಡೆದುಬಿಟ್ಟೆ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದ್ರೆ ತೇವ ಹೊರಗೆ ಬರೋಕೆ ದಾರಿಯಿಲ್ಲದೆ ಗೋಡೆ ಒಳಗೊಳಗೇ ಕರಗುತ್ತೆ. ಗೊತ್ತಿದ್ದೂ ಮಾಡಿದೆ, ಥೂ!

ಅಪ್ಪ ವಾಪಸ್ ಬಂದ ದಿನವೇ ಯಜಮಾನರೂ ಬಂದ್ರು. "ಸುಣ್ಣದ ಗಾರೇನೇ ಕಣಪ್ಪಾ," ಅಂತ ಅಪ್ಪನ ಕೈ ಹಿಡಿದು ಗೋಡೆ ಮೇಲೆ ಇಟ್ಟೆ. ಅಪ್ಪ ಅಂಗೈ ಒತ್ತಿದ. ಉಗುರಲ್ಲಿ ಕೆರೆದ. ಯಜಮಾನರ ಕಡೆ ತಿರುಗಿದ.

"ಬೇರೆಯವರನ್ನ ನೋಡ್ಕೊಳಿ ಸ್ವಾಮಿ," ಅಂದ. "ಇವನಿಗೆ ಆ ಮನೆ ಕೊಡಬೇಡಿ."

ನನಗೆ ರೇಗಿಹೋಯ್ತು. ಯಜಮಾನರು ಹೊಸಿಲು ದಾಟಿದ್ದೇ ತಡ, ಕೂಗಾಡಿದೆ. "ಹೆತ್ತ ಮಗನ ಮಾನ ಹಿಂಗೆ ಬೀದಿಗೆ ಹಾಕ್ತಾರೇನಪ್ಪಾ?"

ಅಪ್ಪ ಜಗಲಿ ಮೇಲೆ ಕೂತು, ಉಗುರಿಗೆ ಮೆತ್ತಿದ್ದ ಸುಣ್ಣ ಒರೆಸ್ಕೊಂಡ. "ನಿನ್ನ ಮಾನ ಹೋದ್ರೆ ದುಡಿದು ಮತ್ತೆ ಸಂಪಾದಿಸ್ಬಹುದು ಕಣೋ. ಆ ಮನೆ ಬಿದ್ರೆ ಕಟ್ಟೋಕೆ ನಾನಿರಲ್ಲ, ನಿನಗೆ ಬರಲ್ಲ."

ಕಣ್ಣಿಲ್ಲದ ಅಪ್ಪನಿಗೆ ಸುಳ್ಳು ಹೇಳಿದ್ದೆನಲ್ಲ! ಉಳಿ ಸುತ್ತಿಗೆ ತಂದು ಆ ಮಧ್ಯಾಹ್ನವೇ ನನ್ನ ಸಿಮೆಂಟನ್ನ ನಾನೇ ಕೆತ್ತೋಕೆ ನಿಂತೆ. ಸಿಮೆಂಟಿನ ಜೊತೆ ಅಜ್ಜ ಮೆತ್ತಿದ ಮಣ್ಣೂ ಹೆಂಟೆ ಹೆಂಟೆಯಾಗಿ ಕಿತ್ಕೊಂಡು ಬಂತು.

"ಹಳೇ ಮಣ್ಣು ಉಳೀತೇನೋ?" ಅಂತ ಅಪ್ಪ ಕೇಳ್ದ.

"ಇಲ್ಲಪ್ಪಾ," ಅಂದೆ. "ಉಳೀಲಿಲ್ಲ."