ಕೂಟಕ್ಕೊಂದು ಕಾಲೇಜು

ವಾಲಿಬಾಲ್ ಆಟದಲ್ಲಿ ಒಂದು ಕಡೆಗೆ ಎಷ್ಟು ಜನ ನಿಲ್ಲುತ್ತಾರೆ ಎಂಬುದು ಮೊನ್ನೆ ಮೊನ್ನೆಯವರೆಗೂ ನನಗೆ ಗೊತ್ತಿರಲಿಲ್ಲ. ಆದರೂ ನಮ್ಮ ಹುಡುಗಿಯರು ಇನ್ನು ಮುಂದೆ ಯಾರ ಜೊತೆ ಆಡಬೇಕೆಂದು ತೀರ್ಮಾನಿಸಿದವರಲ್ಲಿ ನಾನೂ ಒಬ್ಬಳು.

ನಾನು ಯೂನಿಯನ್ ಸಿಟಿಯ ಹತ್ತಿರದ ಸಣ್ಣ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನಮ್ಮಂಥ ಎಂಟು ಕಾಲೇಜುಗಳು ಸೇರಿ ತಮ್ಮತಮ್ಮಲ್ಲೇ ಪಂದ್ಯ ಆಡಿಕೊಳ್ಳುತ್ತವೆ. ಆ ಗುಂಪಿಗೆ ಇಲ್ಲಿ ಕಾನ್ಫರೆನ್ಸ್ ಎನ್ನುತ್ತಾರೆ. ಅದಕ್ಕೆ ಒಂಬತ್ತನೆಯದನ್ನು ಸೇರಿಸಿಕೊಳ್ಳುವ ಮಾತು ಬಂತು. ಪ್ರತಿ ಕಾಲೇಜಿಗೂ ಒಂದು ಮತ. ನಮ್ಮ ಡೀನ್, "ನಿಮಗೆ ಅಂಕಿಗಳು ಗೊತ್ತು, ಆಟದ ಮೇಲೆ ಪ್ರೀತಿಯಿಲ್ಲ. ಇದಕ್ಕಿಂತ ನಿಷ್ಪಕ್ಷಪಾತಿ ಎಲ್ಲಿ ಸಿಗಬೇಕು?" ಎಂದು ನಮ್ಮ ಮತವನ್ನು ನನ್ನ ಕೈಗಿಟ್ಟರು.

ಧಾರವಾಡದ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಕಾನ್ಫರೆನ್ಸ್ ಎಂದದ್ದೇ ತಡ, ಅವನಿಗೆ ವೇದಿಕೆ, ಶಾಲು, ಹಾರಗಳು ಕಂಡಿರಬೇಕು. "ಹಂಗಾದ್ರ ಊಟದ ವ್ಯವಸ್ಥಾ ಯಾರು ನೋಡ್ಕೋತಾರವಾ?" ಎಂದು ಕೇಳಿದ. ಅಂದಿನಿಂದ ನಾನು ಅದನ್ನು ಕೂಟ ಎನ್ನತೊಡಗಿದೆ. ಎಂಥ ಪದ! ಆಟಕ್ಕೂ ಕೂಟ, ಪರದೇಶದ ಕನ್ನಡಿಗರಿಗೂ ಕೂಟ, ಜಾತಕ ಹೊಂದಿಸುವವರಿಗೂ ಕೂಟ. ಕೊನೆಗೊಂದು ಉಕಾರ ಸೇರಿಸಿದರೆ ಅನ್ನಕ್ಕೂ ಕಲಸಿಕೊಳ್ಳಬಹುದು.

ಅರ್ಜಿ ಹಾಕಿದ್ದವು ಎರಡು. ಒಂದು, ಪೂರ್ವದ ಗುಡ್ಡಗಳಾಚೆ ದೂರದ ಬಯಲಿನ ಕಾಲೇಜು. ಹೊಸ ಸ್ಟೇಡಿಯಂ, ಕನ್ನಡಿಯಂತೆ ಹೊಳೆಯುವ ಅಂಕಣ. ಇನ್ನೊಂದು ಇಲ್ಲೇ ಹತ್ತಿರದ ಸ್ಯಾನ್ ಹೊಸೆಯದು. ಸ್ವಂತ ಅಂಕಣವಿಲ್ಲದೆ ಪಕ್ಕದ ಹೈಸ್ಕೂಲಿನಲ್ಲಿ ಆಡುತ್ತಿತ್ತು. ನಾನು ಹನ್ನೆರಡು ಕಾಲಂಗಳ ಕೋಷ್ಟಕ ಮಾಡಿದೆ. ಆಸನಗಳು, ಪಾರ್ಕಿಂಗು, ಸ್ಕೋರ್‌ಬೋರ್ಡಿನ ಅಗಲ, ಯಾವುದನ್ನೂ ಬಿಡಲಿಲ್ಲ. ಬಯಲಿನ ಕಾಲೇಜು ಹನ್ನೊಂದರಲ್ಲಿ ಗೆದ್ದಿತು. ಸ್ಯಾನ್ ಹೊಸೆಗೆ ಸಿಕ್ಕಿದ್ದು ಮರಗಳ ನೆರಳು ಮಾತ್ರ. ಕೋಷ್ಟಕ ನೋಡಿ ನನಗೇ ಹೆಮ್ಮೆಯಾಯಿತು.

ನಮ್ಮ ವಾಲಿಬಾಲ್ ಕೋಚ್ ಲಿಂಡಾ ಅದರ ಮೇಲೆ ಕಣ್ಣಾಡಿಸಿ, "ಶುಕ್ರವಾರ ಆ ಬಯಲಿನ ಕಾಲೇಜಿನಲ್ಲಿ ನಮ್ಮದೊಂದು ಅಭ್ಯಾಸ ಪಂದ್ಯವಿದೆ. ಬಸ್ಸಿನಲ್ಲಿ ಬನ್ನಿ," ಎಂದಳು. ಅಷ್ಟೇ. ಆ ದಿನದ ನನ್ನ ಲ್ಯಾಬನ್ನು ಸಹೋದ್ಯೋಗಿಯೊಬ್ಬರಿಗೆ ವಹಿಸಿ ಹೊರಟೆ.

ಫ್ರೀವೇ ಗುಡ್ಡ ಏರುವಲ್ಲಿ ಬಸ್ಸು ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಪಕ್ಕದ ಸೀಟಿನಲ್ಲಿದ್ದವಳು ನನ್ನದೇ ವಿದ್ಯಾರ್ಥಿನಿ ಆಯೇಶಾ. ತಂದೆತಾಯಿ ಮೈಸೂರಿನವರು, ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಅಂದು ತಾನಾಗಿಯೇ ಕನ್ನಡದಲ್ಲಿ ಕೇಳಿದಳು:

"ಮ್ಯಾಮ್, ಇವತ್ತು ಲ್ಯಾಬಲ್ಲಿ ನಿಮಗೆ ಯಾರು ಆಬ್ಸೆಂಟ್ ಹಾಕ್ತಾರೆ?"

ನಾನು ನಕ್ಕೆ. ಅವಳು ನಗಲಿಲ್ಲ.

"ನಂದು ಇವತ್ತು ಫೋರ್ತ್ ಆಬ್ಸೆಂಟು. ಎಲ್ಲಾ ಮ್ಯಾಚ್ ಡೇಸೇ. ಫೋರ್ ಆದ್ರೆ ಡ್ರಾಪ್ ಅಂತ ನೀವೇ ಹೇಳಿದ್ರಿ. ಈ ಕ್ಲಾಸ್ ಹೋದ್ರೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಲ್ಲ. ಟೀಮ್ ಬಿಟ್ಬಿಡು ಅಂತಾರೆ ಅಮ್ಮಿ. ನಂಗೆ ಎರಡೂ ಬೇಕು, ಮ್ಯಾಮ್."

ನಾಲ್ಕು ಗೈರುಹಾಜರಿಯಾದರೆ ಹೆಸರು ತೆಗೆಯುವ ನಿಯಮ ನನ್ನದೇ. ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವಳೂ ನಾನೇ. ನಾನು ಬರಲಾಗದ ದಿನ ಬದಲಿಗೆ ಒಬ್ಬರು ಸಿಕ್ಕಿದರು, ಅವಳಿಗೆ ಸಿಗುವವರಿಲ್ಲ. ಕಿಟಕಿಯಾಚೆಯ ಒಣಹುಲ್ಲಿನ ಗುಡ್ಡಗಳಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದೆ.

"ಪುಸ್ತಕ ತೆಗಿ. ಲ್ಯಾಬ್ ಇಲ್ಲೇ ನಡೆಯುತ್ತೆ," ಎಂದೆ.

ಪ್ರಯೋಗಕ್ಕೆ ಅಂಕಿಗಳು ಬೇಕಲ್ಲ? ಆಯೇಶಾ ಸೀಟಿನಿಂದ ಸೀಟಿಗೆ ಹೋಗಿ, ಈ ಸೀಸನ್ನಿನಲ್ಲಿ ಯಾರಿಗೆ ಎಷ್ಟು ತರಗತಿ ತಪ್ಪಿತು, ಎಷ್ಟು ಗಂಟೆ ಬಸ್ಸಿನಲ್ಲಿ ಕಳೆಯಿತು ಎಂದು ಕೇಳಿ ಬರೆದುಕೊಂಡಳು. ಸರಾಸರಿ ತೆಗೆದಳು, ನಕ್ಷೆ ಬರೆದಳು. ಮೊತ್ತವನ್ನು ಗಟ್ಟಿಯಾಗಿ ಓದಿದಾಗ ಹರಟುತ್ತಿದ್ದ ಹುಡುಗಿಯರೆಲ್ಲ ಸೀಟಿನ ಮೇಲಿಂದ ಬಾಗಿ ನಕ್ಷೆ ನೋಡಿದರು. ನನ್ನ ಹಾಜರಿ ಪುಸ್ತಕದಲ್ಲಿ ಆಯೇಶಾ ಆ ದಿನ ಹಾಜರ್.

ಮುಂದಿನ ವಾರದ ಸಭೆಯಲ್ಲಿ ಎಲ್ಲರ ಒಲವೂ ಬಯಲಿನ ಕಡೆಗೇ ಇತ್ತು. "ಅಂಥ ಸ್ಟೇಡಿಯಂ ಬಂದರೆ ನಮ್ಮ ಹೆಸರೇ ಬದಲಾಗುತ್ತದೆ," ಎಂದರು ಒಬ್ಬರು. ನಾನು ಎದ್ದು ನಿಂತು, ನನ್ನ ಹನ್ನೆರಡು ಕಾಲಂಗಳೂ ತಪ್ಪು ಪ್ರಶ್ನೆಗೆ ಸರಿಯಾದ ಉತ್ತರಗಳೆಂದು ಒಪ್ಪಿಕೊಂಡೆ. ಆಮೇಲೆ ಆಯೇಶಾಳ ನಕ್ಷೆ ತೋರಿಸಿದೆ. "ಸ್ಟೇಡಿಯಂ ಅಲ್ಲೇ ಇರುತ್ತದೆ. ಬಸ್ಸಿನಲ್ಲಿ ಕೂರುವವರು ನಮ್ಮ ಮಕ್ಕಳು," ಎಂದೆ. ಧ್ವನಿ ನಡುಗಲಿಲ್ಲ, ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಅಷ್ಟಾದರೂ ಬರಬೇಕು. ಐದು ಮತ ಸ್ಯಾನ್ ಹೊಸೆಗೆ, ಮೂರು ಬಯಲಿಗೆ. ಮನೆಗೆ ಬಂದು ನನ್ನ ನಿಯಮವನ್ನೂ ತಿದ್ದಿದೆ: ಪಂದ್ಯಕ್ಕೆ ಹೋದವರು ಲ್ಯಾಬನ್ನು ಬೇರೆ ದಿನ ಮಾಡಬಹುದು. ಆಯೇಶಾ ತಂಡದಲ್ಲೂ ಉಳಿದಳು, ತರಗತಿಯಲ್ಲೂ ಪಾಸಾದಳು.

ಹೊಸಬರೊಡನೆ ಮೊದಲ ಪಂದ್ಯ ನೋಡಲು ಸ್ಯಾನ್ ಹೊಸೆಗೆ ನಾನೂ ಹೋಗಿದ್ದೆ. ಆ ಹೈಸ್ಕೂಲಿನ ಮಾಸಲು ಅಂಕಣದಲ್ಲಿ ಅವರು ನಮ್ಮನ್ನು ಒಂದು ಸೆಟ್ಟೂ ಬಿಟ್ಟುಕೊಡದೆ ಸೋಲಿಸಿದರು. ಲಿಂಡಾ ಸೊಂಟದ ಮೇಲೆ ಕೈಯಿಟ್ಟು, "ಒಳ್ಳೇ ಆಯ್ಕೆ, ಪ್ರೊಫೆಸರ್!" ಎಂದಳು. ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ. ಗೆಲ್ಲುವುದಾದರೆ ಎಷ್ಟು ದೂರವಾದರೂ ಹೋಗಬಹುದು. ಸೋಲುವುದಕ್ಕೆ ಮಾತ್ರ ಹತ್ತಿರದ ಊರೇ ವಾಸಿ. ಬೆಳಕಿರುವಾಗಲೇ ಮನೆ ಸೇರಬಹುದು.