ಗಟ್ಟಿಗಿತ್ತಿಯ ಮಂಗಳವಾರ

ನನ್ನನ್ನು ಯಾರಾದರೂ ಗಟ್ಟಿಗಿತ್ತಿ ಎಂದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಸೇಡಂ ರಸ್ತೆಯಲ್ಲಿ ಗಂಡನ ಗಾಡಿಗೆ ಲಾರಿ ಬಡಿದು ಅವರು ತೀರಿಹೋದಾಗ ನಾವು ಚಿತ್ತಾಪುರದಲ್ಲಿದ್ದೆವು. ಸುದ್ದಿ ಕೇಳಿ ಅತ್ತೆಗೆ ಎದೆನೋವು ಬಂತು. ಅಂದಿನಿಂದ ಬಂದವರೆಲ್ಲ ನನ್ನ ಕಿವಿಯಲ್ಲಿ ಊದಿದ್ದು ಒಂದೇ: ಅತ್ತೆಯ ಮುಂದೆ ಅಳಬೇಡ, ಆ ಜೀವ ತಡೆಯಲ್ಲ. ನನ್ನ ಜೀವವೇನು ಫರಸಿ ಕಲ್ಲೇ? ಬಚ್ಚಲಲ್ಲಿ ನಲ್ಲಿ ತಿರುವಿ ಅತ್ತರೂ ಮೈದುನ ಬಂದು ಬಾಗಿಲು ಬಡಿಯುತ್ತಿದ್ದ.

ಅಳಲಿಕ್ಕೆ ಉಳಿದದ್ದು ವಾರಕ್ಕೊಮ್ಮೆ ಬರುವ ಮಂಗಳವಾರ ಮಾತ್ರ. ಶಹಾಬಾದಿನ ಒಂದು ದವಾಖಾನೆಯಲ್ಲಿ ಮನಸ್ಸಿನ ಮಾತು ಕೇಳುವ ಮೇಡಂ ಇದ್ದರು. ಹಾಗೆ ನೋಡಿದರೆ ಅವರು ನನಗೆ ಏನೂ ಹೇಳಿದವರಲ್ಲ. ಬಾಗಿಲು ಮುಂದೆ ಮಾಡಿ ಕೂಡುತ್ತಿದ್ದರು. ನಾನು ಮನಸಾರೆ ಅತ್ತು, ಮುಖ ತೊಳೆದು, ಬಸ್ಸು ಹತ್ತಿ ಬರುತ್ತಿದ್ದೆ. ಧೈರ್ಯ ಹೇಳಿಸಿಕೊಳ್ಳಲಿಕ್ಕೆ ಹೋಗುತ್ತಾಳೆ ಎಂದು ಮನೆಯವರು ತಿಳಿದಿದ್ದರು.

ಒಂದು ದಿನ ದವಾಖಾನೆಯವರು ಒಬ್ಬ ಹುಡುಗಿಯನ್ನು ಮನೆಗೇ ಕಳಿಸಿದರು. ಪೆಟ್ಟು ತಿಂದ ಮನಸ್ಸು ಎಷ್ಟು ತಾಳುತ್ತದೆ ಎಂದು ಅಳೆಯುತ್ತಾಳಂತೆ. ಚಹಾ ಕುಡಿದು, ಅತ್ತೆಯನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಕೇಳುತ್ತ ಹೋದಳು. ನಿದ್ದೆ ಬರುತ್ತದೆಯೇ? ಮುಂದಿನ ದಿನಗಳ ಬಗ್ಗೆ ಭರವಸೆ ಇದೆಯೇ? ಇಲ್ಲ, ಸ್ವಲ್ಪ, ಭಾಳ, ಈ ಮೂರರಲ್ಲಿ ಒಂದು ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರು ಹೇಗಿದ್ದೀರಿ ಎಂದರೆ, ಜ್ವರದಲ್ಲಿ ನರಳುತ್ತಿದ್ದರೂ ಆರಾಮ್ ಅದೀನ್ರಿ ಎನ್ನುತ್ತೇವೆ. ಅದರ ಮೇಲೆ ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎಲ್ಲದಕ್ಕೂ ಭಾಳ ಎಂದೆ. ಆ ಹುಡುಗಿ ಮೊದಲು ಅತ್ತೆಯನ್ನು ಒಳಗೆ ಕಳಿಸಬೇಕಿತ್ತು. ಅಷ್ಟು ಓದಿ ಏನು ಮಣ್ಣು ಕಲಿತಿದ್ದಳೋ!

ಮುಂದಿನ ಮಂಗಳವಾರ ಮೇಡಂ ಬಾಗಿಲಲ್ಲೇ ನಿಂತು ನಕ್ಕರು.

"ಆ ಹುಡುಗಿ ಕೇಳಿದ್ರಾಗ ನಿಮ್ಮ ಮಾರ್ಕ್ಸ್ ಭಾಳ ಚಲೋ ಬಂದಾವ್ರಿ. ಇನ್ಮ್ಯಾಲೆ ನೀವು ಬರೋ ಜರೂರತ್ ಇಲ್ಲ."

ನಾನು ಸುಳ್ಳು ಹೇಳಿದ್ದೇನೆ ಎಂದೆ. ಬರುವುದು ಬಿಡಲಿಕ್ಕೆ ಎಲ್ಲರೂ ಮೊದಲು ಹಾಗೇ ಅಂಜುತ್ತಾರೆ, ನೀವು ಗಟ್ಟಿಗಿತ್ತಿ ಎಂದು ಬೆನ್ನು ತಟ್ಟಿದರು. ಒಳಗೆ ನನ್ನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಮೈದುನನಂತೂ ನಾನು ಮೆಟ್ರಿಕ್ ಪಾಸಾದೆನೇನೋ ಎಂಬಂತೆ ಓಣಿಗೆಲ್ಲ ಸಾರಿ ಬಂದ. ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು.

ಅದರ ಮುಂದಿನ ಮಂಗಳವಾರವೂ ಸೀರೆ ಉಟ್ಟು ಹೊರಟೆ. ಶಹಾಬಾದಿಗೆ ಹೋಗಿ ಎಲ್ಲಿ ಕೂಡಬೇಕೋ ಗೊತ್ತಿರಲಿಲ್ಲ. ಪಾಸಾಗಿದ್ದೀಯಲ್ಲ, ಮತ್ತೆಲ್ಲಿಗೆ ಎಂದು ಅತ್ತೆ ಮುಖ ತಿರುವಿ ಕೇಳಿದರು. ನನಗೆ ತಲೆ ಕೆಟ್ಟಿತು.

"ಅಳಲಿಕ್ಕೆ ಹೊಂಟೀನ್ರಿ," ಎಂದೆ. "ಮನ್ಯಾಗ ಅತ್ರ ನೀವು ಸಾಯ್ತೀರಂತ."

ಅತ್ತೆ ನನ್ನನ್ನೇ ನೋಡಿದರು.

"ಒಂದ ಹನಿ ಕಣ್ಣೀರ ಹಾಕಲಿಲ್ಲ ನೀ. ನನ್ನ ಮಗ ನಿನಗ ಬ್ಯಾಡಾಗಿದ್ನೇನೋ ಅಂತ ತಿಳ್ಕೊಂಡಿದ್ದೆ."

ಹೊಸ್ತಿಲಲ್ಲೇ ಕುಸಿದು ಬೋರಾಡಿ ಅಳತೊಡಗಿದೆ. ಅವರು ಬಂದು ಪಕ್ಕದಲ್ಲಿ ಕೂತು, ಅಳುತ್ತಲೇ ನನ್ನ ಬೆನ್ನಿಗೆ ಗುದ್ದತೊಡಗಿದರು.