ಫೋಟೊ ತರಿಸಿಕೊಳ್ಳದ ಒಂದು ಕೇಸು

ಈ ಪ್ರಕರಣದ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು. ದಿನಚರಿ ಬರೆಯುವ ಅಭ್ಯಾಸ ಕಾಲೇಜಿನ ದಿನಗಳಿಂದಲೂ ಇದೆ, ನಿಜ. ಆದರೆ ಹಳೆಯ ದಿನಚರಿಗಳನ್ನು ತೆರೆದಾಗಲೆಲ್ಲ ನನಗೆ ಒಂದು ವಿಷಯ ಗೊತ್ತಾಗುತ್ತದೆ: ಮುಂದೆ ನನ್ನನ್ನು ಪ್ರಶ್ನಿಸಬಹುದಾದ ದಿನಗಳಲ್ಲಿ ನಾನು ಬಹಳ ಕಡಿಮೆ ಬರೆದಿದ್ದೇನೆ. ಆದ್ದರಿಂದ ದಿನಚರಿಯಲ್ಲಿ ಏನಿದೆ, ಬರೀ ನೆನಪಿನಿಂದ ಹೇಳುತ್ತಿರುವುದು ಏನು ಎಂಬುದನ್ನು ಸಾಧ್ಯವಾದಷ್ಟು ಬೇರೆ ಮಾಡಿಯೇ ಹೇಳುತ್ತೇನೆ.

2018ರಲ್ಲಿ ನಾನು ಮುಂಬಯಿಯ ಫೋರ್ಟ್‌ನಲ್ಲಿದ್ದ ಒಂದು ಟ್ರಾವೆಲ್ ಕಂಪನಿಯಲ್ಲಿ ಸೆಲ್ಫ್ ಡ್ರೈವ್ ವಿಭಾಗದ ಮ್ಯಾನೇಜರ್ ಆಗಿದ್ದೆ. ಪ್ರವಾಸಿಗರು ವಿದೇಶದಲ್ಲಿ ಕಾರು ಬಾಡಿಗೆಗೆ ಹಿಡಿದು ತಾವೇ ಓಡಿಸಿಕೊಂಡು ಸುತ್ತುವುದಕ್ಕೆ ನಮ್ಮಲ್ಲಿ ಸೆಲ್ಫ್ ಡ್ರೈವ್ ಎನ್ನುತ್ತಾರೆ. ಅವರು ಊರಿಗೆ ಮರಳಿ, ಫೋಟೊಗಳನ್ನೆಲ್ಲ ಹಂಚಿ, ಪ್ರವಾಸವನ್ನು ಹೆಚ್ಚುಕಡಿಮೆ ಮರೆತ ಮೇಲೆ ನನ್ನ ನಿಜವಾದ ಕೆಲಸ ಶುರುವಾಗುತ್ತಿತ್ತು. ಎರಡು ಮೂರು ತಿಂಗಳಲ್ಲಿ ದಂಡದ ಪತ್ರಗಳು ಬರುತ್ತಿದ್ದವು. ಇಟಲಿಯ ಹಳೆಯ ಊರುಗಳಲ್ಲಿ ಹೊರಗಿನವರ ಗಾಡಿಗೆ ಪ್ರವೇಶವಿಲ್ಲದ ಬೀದಿಗಳಿವೆ. ಗೊತ್ತಿಲ್ಲದೆ ನುಗ್ಗಿದವರಿಗೆ, ಎಷ್ಟು ಸಲ ನುಗ್ಗಿದರೋ ಅಷ್ಟು ಪತ್ರ. ಬ್ರಿಟನ್ನಿನಲ್ಲಿ ಹೆಚ್ಚಿನವು ವೇಗದ ಮಿತಿ ಮೀರಿದ ಕೇಸುಗಳು. ಬೊರಿವಲಿಯ ಒಬ್ಬ ಶೇಠ್ ಐದು ಪತ್ರಗಳನ್ನು ಇಸ್ಪೀಟಿನ ಎಲೆಗಳ ಹಾಗೆ ನನ್ನ ಮೇಜಿನ ಮೇಲೆ ಹರಡಿ, "ಮೇಡಮ್, ಪೂರಾ ಯುರೋಪ್ ಘೂಮಾ, ಏಕ್ ಭೀ ಪೊಲೀಸ್ ನಹೀ ದೇಖಾ. ಫಿರ್ ಪಕ್ಡಾ ಕಿಸ್ನೇ?" ಎಂದು ಕೇಳಿದ್ದರು. ಅಷ್ಟು ದೇಶ ಸುತ್ತಿ ಒಬ್ಬ ಪೊಲೀಸನನ್ನೂ ಕಾಣದ ಅವರಿಗೆ, ಹಿಡಿದದ್ದು ಕ್ಯಾಮೆರಾ ಎಂದು ನಂಬಿಸಲು ಅರ್ಧ ಗಂಟೆ ಬೇಕಾಯಿತು.

ವೇಗದ ಕೇಸುಗಳಲ್ಲಿ ಒಂದು ಮಾತು ಮುಖ್ಯ. ದಂಡ ಗಾಡಿಗಲ್ಲ, ಅದನ್ನು ಓಡಿಸಿದವರಿಗೆ. ಪೊಲೀಸರು ಮೊದಲು ಬಾಡಿಗೆ ಕಂಪನಿಗೆ ಬರೆಯುತ್ತಾರೆ. ಕಂಪನಿ ಕಾರು ಪಡೆದವರ ಹೆಸರನ್ನು ಕೊಡುತ್ತದೆ. ಆಮೇಲೆ ಆ ವ್ಯಕ್ತಿಗೆ ಒಂದು ಫಾರ್ಮ್ ಬರುತ್ತದೆ: ಆ ಹೊತ್ತಿನಲ್ಲಿ ಸ್ಟಿಯರಿಂಗ್ ಹಿಡಿದಿದ್ದವರು ಯಾರು? ಇಪ್ಪತ್ತೆಂಟು ದಿನಗಳ ಒಳಗೆ ಹೆಸರು ಬರೆದು ಕಳುಹಿಸಬೇಕು. ಇದಕ್ಕೆ ನಾಮಿನೇಷನ್ ಎನ್ನುತ್ತಾರೆ. ಸುಳ್ಳು ಹೆಸರು ಕೊಡುವುದು ವೇಗಕ್ಕಿಂತ ಬಹಳ ದೊಡ್ಡ ಅಪರಾಧವೆಂದು ಆ ಫಾರ್ಮಿನ ಮೇಲೆಯೇ ಅಚ್ಚಾಗಿರುತ್ತದೆ. ಗಂಡ ಹೆಂಡತಿ ಸರದಿಯ ಮೇಲೆ ಓಡಿಸಿದ್ದರೆ ಜಗಳವೇ. ಅದಕ್ಕಾಗಿ ನಾನು ಒಂದು ನಿಯಮ ಮಾಡಿಕೊಂಡಿದ್ದೆ. ಯಾರ ಹೆಸರನ್ನೂ ಬರೆಯುವ ಮೊದಲು ಪೊಲೀಸರಿಂದ ಕ್ಯಾಮೆರಾದ ಫೋಟೊ ತರಿಸಿಕೊಳ್ಳುವುದು. ಮುಂದಿನಿಂದ ತೆಗೆದದ್ದಾದರೆ ಮುಖ ಕಾಣುತ್ತದೆ. ನನ್ನ ಕೈಕೆಳಗೆ ಬಂದ ಹೊಸಬರಿಗೆಲ್ಲ ಮೊದಲ ದಿನವೇ ಇದನ್ನು ಹೇಳಿಕೊಡುತ್ತಿದ್ದೆ.

ಒಂದು ಕೇಸಿನಲ್ಲಿ ಮಾತ್ರ ನಾನು ಫೋಟೊ ತರಿಸಿಕೊಳ್ಳಲಿಲ್ಲ.

ನನ್ನ ಅಕ್ಕನ ಗಂಡ, ಶ್ರೀಧರ ಭಾವ, ಮಲಾಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಹೋಟೆಲು ನಡೆಸುತ್ತಾರೆ. ಉಡುಪಿ ಕಡೆಯಿಂದ ಬಂದವರ ಎಷ್ಟೋ ಹೋಟೆಲುಗಳಂತೆ ಅಲ್ಲಿಯೂ ಕೆಲಸಕ್ಕೆ ಮನೆಯವರೇ. ನಮ್ಮ ತಮ್ಮ ಸುಧಾಕರ ಹದಿನೆಂಟನೆಯ ವಯಸ್ಸಿಗೆ ಮುಂಬಯಿಗೆ ಬಂದವನು ನೇರವಾಗಿ ಭಾವನ ಹೋಟೆಲಿಗೇ ಸೇರಿದ. ಮೊದಲು ತರಕಾರಿಯ ಟೆಂಪೊ ಓಡಿಸಿದ, ಆಮೇಲೆ ಕೌಂಟರಿನಲ್ಲಿ ಕೂತ, ಕೊನೆಗೆ ಮ್ಯಾನೇಜರ್ ಆದ. ಅವನಿಗೆ ಇನ್ನೊಂದು ಕೆಲಸವೂ ಇತ್ತು. ಹೋಟೆಲಿನ ಮೇಲೆ ವರ್ಷಕ್ಕೆ ಎರಡು ಮೂರು ಸಣ್ಣ ಕೇಸುಗಳು ಬೀಳುತ್ತಿದ್ದವು. ಫುಟ್‌ಪಾತಿನ ಮೇಲೆ ಒಂದು ಅಡಿ ಹೆಚ್ಚು ಚಾಚಿದ ಕಟ್ಟೆ, ಗೋಡೆಗೆ ತೂಗುಹಾಕದ ಲೈಸೆನ್ಸು, ಇಂಥವು. ಸಮನ್ಸು ಬಂದಾಗ ಸುಧಾಕರ ಕೋರ್ಟಿಗೆ ಹೋಗಿ ನಿಲ್ಲುತ್ತಿದ್ದ. ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ, ಮಧ್ಯಾಹ್ನದ ಊಟದ ರಶ್ಶಿಗೆ ಮುಂಚೆ ವಾಪಸ್ಸು. ಅಲ್ಲಿಗೆ ಆ ಕೇಸು ಮುಗಿಯುತ್ತಿತ್ತು, ಯಾರಿಗೂ ನೆನಪಿರುತ್ತಿರಲಿಲ್ಲ. ಭಾವ ಅವನನ್ನು "ನಮ್ಮ ಪರ್ಮನೆಂಟ್ ಆರೋಪಿ" ಎಂದು ಪರಿಚಯಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆ ವರ್ಷದ ಬೇಸಿಗೆಯಲ್ಲಿ ಭಾವ ಮತ್ತು ಅಕ್ಕ ಸ್ಕಾಟ್ಲೆಂಡಿಗೆ ಹೊರಟರು. ಸರದಿಗೆ ಇನ್ನೊಬ್ಬ ಡ್ರೈವರ್ ಇರಲಿ ಎಂದು ಸುಧಾಕರನನ್ನೂ ಕರೆದುಕೊಂಡು ಹೋದರು. ಬುಕಿಂಗ್ ಮಾಡಿದವಳು ನಾನೇ. ಬಾಡಿಗೆ ಒಪ್ಪಂದದಲ್ಲಿ ಭಾವನ ಹೆಸರು, ಹೆಚ್ಚುವರಿ ಡ್ರೈವರ್ ಎಂದು ಸುಧಾಕರನ ಹೆಸರು. ಹನ್ನೊಂದು ದಿನದ ಪ್ರವಾಸ ಮುಗಿಸಿ ಬಂದ ಮೇಲೆ ಅಕ್ಕ ಫೋನಿನಲ್ಲಿ ದೂರಿದ್ದು ನನಗೆ ಚೆನ್ನಾಗಿ ನೆನಪಿದೆ. "ಇವರು ಸ್ಟಿಯರಿಂಗ್ ಬಿಡ್ಲಿಕ್ಕೇ ತಯಾರಿಲ್ಲ ಮಾರಾಯ್ತಿ. ಸುಧಾಕರ ಪಾಪ ಹಿಂದೆ ಕೂತು ನಿದ್ದೆ ಮಾಡಿದ್ದೇ ಮಾಡಿದ್ದು." ಈ ಮಾತು ದಿನಚರಿಯಲ್ಲೂ ಇದೆ. ಎಂದರೆ ಕಾರು ಓಡಿಸಿದವರು ಯಾರೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಎಂಟು ವಾರಗಳ ನಂತರ ಪತ್ರ ಬಂತು. ಮೂವತ್ತು ಮೈಲಿಯ ಮಿತಿ ಇದ್ದ ಒಂದು ಹಳ್ಳಿಯಲ್ಲಿ ನಲವತ್ತೊಂದು ಮೈಲಿ ವೇಗ. ದೊಡ್ಡ ಅಪರಾಧವೇನಲ್ಲ. ಭಾವ ತಮ್ಮ ಹೆಸರು ಬರೆದಿದ್ದರೆ ಅಂದೇ ಮುಗಿಯುತ್ತಿತ್ತು. ಆದರೆ ಅದೇ ತಿಂಗಳು ಅವರು ಲಂಡನ್ನಿನ ಹತ್ತಿರ ಗೆಳೆಯರೊಬ್ಬರ ಜೊತೆ ಪಾಲುದಾರಿಕೆಯಲ್ಲಿ ಹೋಟೆಲು ತೆರೆಯುವ ತಯಾರಿಯಲ್ಲಿದ್ದರು. ವೀಸಾ ಕೈಗೆ ಬರುವವರೆಗೆ ಹೆಸರಿನ ಮೇಲೆ ಒಂದು ಚುಕ್ಕೆಯೂ ಬೀಳಬಾರದು ಎಂದು ಅಲ್ಲಿಯ ವಕೀಲರು ಹೆದರಿಸಿದ್ದರಂತೆ.

"ಸುಧಾಕರನ ಹೆಸರು ಹಾಕು ವಿಜಯಾ," ಎಂದರು ಭಾವ. "ಅವನದ್ದೂ ಹೆಸರು ಉಂಟಲ್ವಾ ಒಪ್ಪಂದದಲ್ಲಿ?"

"ಇದು ನಮ್ಮ ಕೋರ್ಟಿನ ಹಾಗಲ್ಲ ಭಾವ. ಅಲ್ಲಿ ರೆಕಾರ್ಡ್ ಉಳೀತದೆ."

"ಉಳಿಯಲಿ. ಅವ ಎಂತ ಲಂಡನ್ನಿಗೆ ಹೋಗಿ ಬಸ್ಸು ಓಡಿಸ್ತಾನಾ?"

ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಮರುದಿನ ಫೋರ್ಟಿನ ನನ್ನ ಮೇಜಿನ ಮೇಲೆ, ಆಫೀಸಿನ ಪೆನ್ನಿನಲ್ಲಿ, ಸುಧಾಕರನ ಹೆಸರು, ಹುಟ್ಟಿದ ತಾರೀಕು ಮತ್ತು ಲೈಸೆನ್ಸ್ ನಂಬರನ್ನು ದಪ್ಪ ಅಕ್ಷರಗಳಲ್ಲಿ ತುಂಬಿಸಿದ್ದು ನೆನಪಿದೆ. ಭಾವ ಸಹಿ ಹಾಕಿದರು. ಫೋಟೊ ಕೇಳಲಿಲ್ಲ. ಕೇಳಿದ್ದರೆ ಬರುತ್ತಿತ್ತು, ಬಂದಿದ್ದರೆ ನೋಡಬೇಕಾಗುತ್ತಿತ್ತು. ಭಾವ ನನ್ನ ಓದಿಗೆ ಎರಡು ವರ್ಷ ಫೀಸು ಕಟ್ಟಿದವರು. ಆ ಋಣಕ್ಕಾಗಿ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಯೋಚಿಸಿದರೆ ಅದೂ ಪೂರ್ತಿ ನಿಜವಲ್ಲ. ಸುಧಾಕರನ ಮುಂದೆ ಒಂದು ಜೀವನ ಇದೆ, ಅವನೂ ಎಲ್ಲಿಗಾದರೂ ಹೋಗಬಹುದು ಎಂಬುದು ಭಾವನಿಗೆ ಹೊಳೆಯದ ಹಾಗೆ ನನಗೂ ಹೊಳೆದಿರಲಿಲ್ಲ.

ನಾಮಿನೇಷನ್ ಆದ ಮೇಲೆ ಎರಡನೆಯ ಫಾರ್ಮ್ ಹೆಸರಿಸಿದ ವ್ಯಕ್ತಿಗೇ ಬರುತ್ತದೆ: ಹೌದು, ಓಡಿಸಿದವನು ನಾನೇ ಎಂದು ಅವನು ಸಹಿ ಮಾಡಬೇಕು. ವಿಳಾಸ ಹೋಟೆಲಿನದ್ದೇ ಕೊಟ್ಟಿದ್ದೆ. ಫಾರ್ಮ್ ಬಂದ ದಿನ ಸಂಜೆ ಮಲಾಡಿಗೆ ಹೋಗಿ, ತುಂಬಿಸಿ, ಕೌಂಟರಿನಲ್ಲಿದ್ದ ಸುಧಾಕರನ ಮುಂದೆ ಇಟ್ಟೆ. ಗಿರಾಕಿಗಳು ಸಾಲಾಗಿ ನಿಂತಿದ್ದರು. ಅವನು ಒಂದು ಕೈಯಲ್ಲಿ ಬಿಲ್ಲು ಹರಿಯುತ್ತಾ, "ಎಲ್ಲಿ ಹಾಕುದು, ಸಣ್ಣಕ್ಕ?" ಎಂದು ಕೇಳಿ ಇನ್ನೊಂದು ಕೈಯಲ್ಲಿ ಸಹಿ ಮಾಡಿದ ಎಂದು ನನ್ನ ನೆನಪು. ಆದರೆ ಒಂದೇ ಹೊತ್ತಿಗೆ ಎರಡೂ ಕೈಯಲ್ಲಿ ಹಾಗೆ ಮಾಡಲು ಸಾಧ್ಯವೇ? ದಿನಚರಿಯಲ್ಲಿ ಆ ದಿನಕ್ಕೆ ಇರುವುದು ಇಷ್ಟೇ: "ಮಲಾಡ್. ಸು. ಸಹಿ ಆಯಿತು. ಗೋಳಿಬಜೆ ಚೆನ್ನಾಗಿತ್ತು." ದಂಡ ಕಟ್ಟಿದೆವು. ಅಲ್ಲಿಯ ಲೈಸೆನ್ಸ್ ಇಲ್ಲದವರಿಗೂ ಒಂದು ದಾಖಲೆ ತೆರೆದು ಅದರಲ್ಲಿ ತಪ್ಪಿನ ಲೆಕ್ಕವಾಗಿ ಪೆನಾಲ್ಟಿ ಪಾಯಿಂಟ್ ಬರೆಯುತ್ತಾರೆ. ಸುಧಾಕರನ ಹೆಸರಿಗೆ ಮೂರು ಪಾಯಿಂಟ್. ಭಾವನ ವೀಸಾ ಆಯಿತು, ಹೋಟೆಲು ತೆರೆಯಿತು.

ಐದು ವರ್ಷಗಳ ಮೇಲೆ, 2023ರಲ್ಲಿ, ಸುಧಾಕರ ನನ್ನ ಆಫೀಸಿಗೆ ಬಂದ. ಅಷ್ಟು ವರ್ಷಗಳಲ್ಲಿ ಅವನು ಫೋರ್ಟಿಗೆ ಬಂದದ್ದು ಅದೇ ಮೊದಲು ಇರಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಪ್ಲಾಸ್ಟಿಕ್ ಫೈಲಿನಿಂದ ಒಂದು ಪತ್ರ ತೆಗೆದು ಕೊಟ್ಟ. ಇಂಗ್ಲೆಂಡಿನ ಲೆಸ್ಟರ್ ನಗರದ ಒಂದು ಹೋಟೆಲಿನಲ್ಲಿ ಅವನಿಗೆ ಮ್ಯಾನೇಜರ್ ಕೆಲಸ ಸಿಕ್ಕಿತ್ತು. ಭಾವನ ಹೋಟೆಲಲ್ಲ, ಬೇರೆಯವರದ್ದು. ಹೆಂಡತಿ ಮಕ್ಕಳನ್ನೂ ಕರೆದೊಯ್ಯಬಹುದಿತ್ತು. ವೀಸಾ ಕೈಗೆ ಬರುವವರೆಗೆ ಮನೆಯಲ್ಲಿ ಯಾರಿಗೂ ಹೇಳುವುದು ಬೇಡವೆಂದು ಜೋಗೇಶ್ವರಿಯ ತನ್ನ ಮನೆಯ ಹತ್ತಿರದ ಏಜೆಂಟನಿಂದ ಅರ್ಜಿ ತುಂಬಿಸಿದ್ದ. ಅವನು ಕೊಟ್ಟದ್ದು ವೀಸಾ ನಿರಾಕರಣೆಯ ಪತ್ರ.

"ಇದರಲ್ಲಿ ನಾನು ಸುಳ್ಳು ಹೇಳಿದ್ದೇನೆ ಅಂತ ಬರೆದಿದ್ದಾರಂತೆ. ಎಂತ ಸುಳ್ಳು?" ಎಂದ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ವಾಹನ ಚಾಲನೆಗೆ ಸಂಬಂಧಿಸಿ ನಿಮಗೆ ಎಂದಾದರೂ ದಂಡ ಬಿದ್ದಿದೆಯೇ? ಇಲ್ಲ ಎಂದು ಉತ್ತರಿಸಲಾಗಿತ್ತು.

"ಏಜೆಂಟ್ ಕೇಳಿದ, ಫಾರಿನ್ನಲ್ಲಿ ಕೇಸ್‌ಗೀಸ್ ಉಂಟಾ ಅಂತ. ನಾನು ಇಲ್ಲ ಅಂದೆ. ನಾನು ಅಲ್ಲಿ ಎಂತ ಮಾಡಿದ್ದೇನೆ, ಸಣ್ಣಕ್ಕ?"

ಮೂರು ಪಾಯಿಂಟ್ ಇದ್ದ ಮಾತ್ರಕ್ಕೆ ಅವರು ವೀಸಾ ತಡೆಯುತ್ತಿರಲಿಲ್ಲವೇನೋ. ತಡೆದದ್ದು ಸುಳ್ಳು ಹೇಳಿದ ಎಂಬ ಕಾರಣಕ್ಕೆ. ಅದಕ್ಕೆ ಹತ್ತು ವರ್ಷಗಳ ನಿಷೇಧ. ಅವನಿಗೆ ಆಗ ನಲವತ್ತಮೂರು. ಕೆಲಸದ ಭಾಷೆಯಲ್ಲಿ ನಾನು ಇದನ್ನೆಲ್ಲ ಅವನಿಗೆ ವಿವರಿಸಿದೆ. ಗಿರಾಕಿಗಳಿಗೆ ಹೇಳುವ ಅದೇ ಸ್ವರದಲ್ಲಿ. ನಿನ್ನ ಹೆಸರನ್ನು ಬರೆದವಳು ನಾನು ಎಂದು ಅದೇ ಮೇಜಿನ ಮುಂದೆ ಹೇಳಿದೆನೋ, ಸ್ಟೇಷನ್ನಿಗೆ ನಡೆಯುವಾಗ ಹೇಳಿದೆನೋ ಸರಿಯಾಗಿ ಜ್ಞಾಪಕವಿಲ್ಲ. ಹೇಳಿದ್ದಂತೂ ನಿಜ. ಅವನು "ಹಾಂ" ಎಂದಷ್ಟೇ ಅಂದ.

ನಿರಾಕರಣೆಯನ್ನು ಮರುಪರಿಶೀಲಿಸಿ ಎಂದು ಕೇಳಲು ಇಪ್ಪತ್ತೆಂಟು ದಿನ ಅವಕಾಶವಿತ್ತು. ಓಡಿಸಿದವರು ಭಾವ, ಅವರೇ ಅದನ್ನು ಬರೆದುಕೊಡಬೇಕು. ಬೇರೆ ದಾರಿ ನನಗೆ ಕಾಣಲಿಲ್ಲ. ಮಲಾಡಿಗೆ ಹೋದೆ. ಮಧ್ಯಾಹ್ನದ ಊಟ ಮುಗಿದು ಹೋಟೆಲು ತಣ್ಣಗಿದ್ದ ಹೊತ್ತು. ಮಹಡಿಯ ಕೋಣೆಯಲ್ಲಿ ಅಕ್ಕನೂ ಇದ್ದಳು.

ಭಾವ ಪೂರ್ತಿ ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ. "ಬರೆದುಕೊಟ್ರೆ ಅಲ್ಲಿಯ ನನ್ನ ಹೋಟೆಲು ಉಳೀತದಾ? ಅದನ್ನು ಹೇಳು ಮೊದಲು."

"ಗೊತ್ತಿಲ್ಲ ಭಾವ."

"ಮತ್ತೆ ಫಾರ್ಮಿನಲ್ಲಿ ಇರುದು ನಿನ್ನ ಅಕ್ಷರ. ಹೌದಾ ಅಲ್ವಾ?"

"ಹೌದು."

ಅಕ್ಕ ನಡುವೆ ಬಾಯಿ ಹಾಕಿದಳು. "ಅವನಿಗೆ ಇಲ್ಲಿ ಎಂತ ಕಮ್ಮಿ ಮಾಡಿದ್ದೇವೆ ನಾವು? ಹೇಳದೆ ಕೇಳದೆ ಹೊರಟದ್ದು ಅವ. ಈಗ ನೀನು ವಕಾಲತ್ತು ಹಾಕ್ಲಿಕ್ಕೆ ಬಂದದ್ದಾ?"

ಆ ರವಿವಾರ ನಾನೊಂದು ಪತ್ರ ಬರೆದೆ. ಫಾರ್ಮ್ ತುಂಬಿಸಿದವಳು ನಾನು, ಕಾರು ಓಡಿಸಿದವನು ಸುಧಾಕರನಲ್ಲ ಎಂದು ನನ್ನ ಹೆಸರಿನಲ್ಲೇ. ಭಾವನ ಹೆಸರನ್ನು ಒಂದು ಸಲ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕಳುಹಿಸಲು ಸುಧಾಕರನ ಸಹಿಯೂ ಬೇಕಿತ್ತು. ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಅವನನ್ನು ಕರೆದೆ. ಈ ಸಲ ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೆರಳಿಟ್ಟು ತಾನೂ ಎರಡು ಸಲ ಓದಿದ.

"ಇದು ಹೋದ್ರೆ ನಿನಗೆ ಎಂತ ಆಗ್ತದೆ?"

"ಕೆಲಸ ಹೋಗಬಹುದು. ಅಲ್ಲಿ ಕೇಸೂ ಆಗಬಹುದು."

"ಭಾವನಿಗೆ?"

"ಅವರಿಗೂ."

ಪತ್ರ ಮಡಚಿ ನನ್ನ ಕೈಗೆ ಕೊಟ್ಟ. "ಬೇಡ ಸಣ್ಣಕ್ಕ. ಆಮೇಲೆ ದೊಡ್ಡಕ್ಕನ ಮುಖ ನೋಡ್ಲಿಕ್ಕೆ ನನಗೆ ಆಗುದಿಲ್ಲ. ಲೆಸ್ಟರಿನವರು ಬೇರೆಯವನನ್ನು ಹುಡುಕಿಯೂ ಆಯ್ತು." ಸ್ವಲ್ಪ ತಡೆದು, "ಈ ಸಾಂಬಾರಿಗೆ ಬೆಲ್ಲ ಜಾಸ್ತಿ. ನಮ್ಮಲ್ಲಿ ಹೀಗೆ ಮಾಡಿದ್ರೆ ಗಿರಾಕಿ ಓಡಿಹೋಗ್ತಾರೆ" ಎಂದ.

ಅವನ ಸಹಿ ಇಲ್ಲದೆಯೂ ನಾನು ಅಲ್ಲಿಯ ಪೊಲೀಸರಿಗೆ ನೇರವಾಗಿ ಬರೆಯಬಹುದಿತ್ತು. ಇನ್ನೂ ಹನ್ನೆರಡು ದಿನ ಬಾಕಿ ಇತ್ತು. ಬರೆಯಲಿಲ್ಲ. ಅವನು ಬೇಡ ಎಂದದ್ದರಿಂದ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಬರೆಯದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ: ಅವನು ಬೇಡ ಎಂದಾಗ ನನಗೆ ಹಾಯೆನಿಸಿತು. ಮುಂದಿನ ವರ್ಷ ನಿವೃತ್ತಿಯಾದಾಗ ಪೂರ್ತಿ ಪಿಂಚಣಿ, ಬೀಳ್ಕೊಡುಗೆ, ಶಾಲು ಎಲ್ಲವೂ ಸರಿಯಾಗಿ ಸಿಕ್ಕಿತು. ಸುಧಾಕರ ಅದೇ ವರ್ಷ ಭಾವನ ಹೋಟೆಲು ಬಿಟ್ಟು ಜೋಗೇಶ್ವರಿಯ ಒಂದು ಸಣ್ಣ ಕ್ಯಾಂಟೀನಿಗೆ ಸೇರಿದ. ಲೋಕಲ್ ಟ್ರೇನಿನ ರಶ್ಶು ತಡೆಯಲಾಗುವುದಿಲ್ಲ ಎಂದು ಕಾರಣ ಕೊಟ್ಟ. ಇಪ್ಪತ್ತೈದು ವರ್ಷ ತಡೆದಿದ್ದ.

ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟು. ದಂಡದ ಪತ್ರ ಹಣ ಕೇಳುವ ಹಾಗೆ ಕಾಣುತ್ತದೆ. ಅದು ಕೇಳುವುದು ಒಂದು ಹೆಸರನ್ನು. ಹಣ ಕಟ್ಟಿದ ದಿನ ಮುಗಿಯುತ್ತದೆ, ಹೆಸರು ಮುಗಿಯುವುದಿಲ್ಲ. ಇನ್ನೊಬ್ಬರ ಹೆಸರನ್ನು ಬರೆಯುವಾಗ ಅವರು ಮುಂದೆ ಎಲ್ಲಿಗೂ ಹೋಗುವವರಲ್ಲ ಎಂದು ತೀರ್ಮಾನಿಸುವ ಹಕ್ಕು, ಆ ಫಾರ್ಮುಗಳನ್ನು ಬಾಯಿಪಾಠ ಬಲ್ಲ ನನಗೂ ಇರಲಿಲ್ಲ.

ಹಳೆಯ ದಿನಚರಿಯ ಆ ಒಂದು ಸಾಲನ್ನು ಎಷ್ಟು ಸಲ ಓದಿದರೂ ಅದರಲ್ಲಿ ನನಗೆ ಬೇಕಾದದ್ದು ಇಲ್ಲ. ನಾನು ಅವನಿಗೆ ಎಲ್ಲವನ್ನೂ ಹೇಳಿ, ಅವನು ಒಪ್ಪಿಯೇ ಸಹಿ ಮಾಡಿದ್ದರೆ ನನ್ನ ತಪ್ಪು ಒಂದು ಬಗೆಯದ್ದು. ಹೇಳದೆ ಮಾಡಿಸಿದ್ದರೆ ಅದು ಬೇರೆಯದೇ. ಕಳೆದ ತಿಂಗಳು ಅವನ ಮನೆಗೆ ಹೋಗಿದ್ದೆ. ಅವನು ಕಿಟಕಿಯ ಹತ್ತಿರ ಕೂತು ಮಗಳ ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದ. ಕೇಳಿಬಿಟ್ಟೆ. ಅವನು ಕೈಯಲ್ಲಿದ್ದ ಪುಸ್ತಕದ ಮೂಲೆಯನ್ನು ಮಡಚಿ, ಒತ್ತಿ, ಮುಂದಿನ ಪುಸ್ತಕವನ್ನು ತೆಗೆದುಕೊಂಡ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ, ಬೇರೆ ಬೇರೆ ವಿಷಯ. ನಾನು ಕೇಳಿದ್ದು ಇಷ್ಟೇ: "ಆ ದಿನ ಕೌಂಟರಿನಲ್ಲಿ, ಸಹಿ ಹಾಕುವ ಮೊದಲು, ಅದು ಎಂತ ಕಾಗದ ಅಂತ ನಾನು ನಿನಗೆ ಹೇಳಿದ್ದೆನಾ, ಸುಧಾಕರ?"